ಮೊದಲ ಕೀಮೋಗೆ ಮುಂಚೆ ಫ್ಲೂ ಲಸಿಕೆ ಕೊಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಸಚಿವರಿಗೆ, ಇಲಾಖೆಯ ಅಧಿಕಾರಿಗಳಿಗೆ, ಕ್ಯಾನ್ಸರ್ ಆಸ್ಪತ್ರೆಗಳನ್ನು ನಡೆಸುತ್ತಿರುವ ಎಲ್ಲರಿಗೂ ನಮಸ್ಕಾರ.

ನನ್ನ ಕೋರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ರಾಜ್ಯದಲ್ಲಿ ಯಾರಿಗೇ ಕೀಮೋ ಶುರುವಾಗಲಿ, ಮೊದಲ ಡ್ರಿಪ್ ಹಾಕುವುದಕ್ಕೆ ಮುಂಚೆ ಅವರಿಗೆ ಫ್ಲೂ ಲಸಿಕೆ ಉಚಿತವಾಗಿ ಸಿಗಬೇಕು. ಅವರ ಜೊತೆ ಒಂದೇ ಸೂರಿನಡಿ ಇರುವವರಿಗೂ ಸಿಗಬೇಕು. ಅದೇ ಆಸ್ಪತ್ರೆಯಲ್ಲಿ, ಬೇರೆ ದಿನ ಬನ್ನಿ ಅನ್ನದೆ ಕೊಡಬೇಕು. ಇದರ ಜೊತೆ ಇನ್ನೂ ಒಂದೆರಡು ವಿಷಯ ಇವೆ, ಅವುಗಳನ್ನೂ ಬರೆಯುತ್ತೇನೆ. ಆದರೆ ನೀವು ಒಂದೇ ಒಂದು ಮಾಡುವುದಾದರೆ ಇದನ್ನು ಮಾಡಿ.

ನಾನು ಡಾಕ್ಟರ್ ಅಲ್ಲ. ಕೀಮೋ ತೆಗೆದುಕೊಳ್ಳುತ್ತಿರುವವರ ಮನೆಯವಳು. ನಮ್ಮ ಅತ್ತಿಗೆಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿ, ಕೀಮೋ ನಡೆಯುತ್ತಿದೆ. ದಾವಣಗೆರೆ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಓಡಾಟ. ಫೈಲು ಹಿಡಿದು ಅವರ ಜೊತೆ ಹೋಗುವವಳು ನಾನು. ಕ್ಯೂನಲ್ಲಿ ನಿಂತು, ನರ್ಸ್‌ಗಳನ್ನು ಕೇಳಿ, ಡಾಕ್ಟರ್‌ಗಳಿಗೆ ಬಿಡುವು ಇದ್ದಾಗ ಮತ್ತೆ ಮತ್ತೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಾಗೇ ಓಡಾಡುತ್ತಿರುವವರು ರಾಜ್ಯದ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರಿಗೆಲ್ಲ ಈ ಪತ್ರ ಬರೆಯುವಷ್ಟು ಬಿಡುವು ಇರುವುದಿಲ್ಲ.

ಕೀಮೋ ಔಷಧಿ ಬೇಗ ಬೇಗ ಹೆಚ್ಚುವ ಜೀವಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರ್ ಕಣಗಳು ಹಾಗೆ ಬೆಳೆಯುತ್ತವೆ. ಕೂದಲಿನ ಬುಡ, ಬಾಯಿಯ ಒಳಪದರ, ಮೂಳೆಯೊಳಗಿನ ಮಜ್ಜೆ ಕೂಡ ಹಾಗೇ ಬೆಳೆಯುತ್ತವೆ. ಕೂದಲು ಉದುರುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮಜ್ಜೆಯಲ್ಲಿ ಆಗುವುದು ಬ್ಲಡ್ ರಿಪೋರ್ಟ್‌ನಲ್ಲಿ ಮಾತ್ರ ಕಾಣುತ್ತದೆ. ಬಿಳಿ ರಕ್ತಕಣಗಳು ಅಲ್ಲೇ ಹುಟ್ಟಬೇಕು. ಅಲ್ಲಿ ಕೆಲಸ ನಿಂತರೆ ಸೋಂಕಿನ ವಿರುದ್ಧ ಹೋರಾಡಲು ಮೈಯಲ್ಲಿ ಸೈನ್ಯವೇ ಇರುವುದಿಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಇದನ್ನು 'ಕೌಂಟ್ ಬಿದ್ದಿದೆ' ಅನ್ನುತ್ತಾರೆ. ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,500ಕ್ಕಿಂತ ಜಾಸ್ತಿ ಇರಬೇಕು. 500ಕ್ಕಿಂತ ಕೆಳಗೆ ಹೋದರೆ ತುಂಬಾ ಅಪಾಯ. ಮೂರು ವಾರಕ್ಕೊಮ್ಮೆ ಕೊಡುವ ಎಷ್ಟೋ ಕೀಮೋಗಳಲ್ಲಿ, ಔಷಧಿ ಹಾಕಿದ 7ನೇ ದಿನದಿಂದ 14ನೇ ದಿನದ ಆಸುಪಾಸಿನಲ್ಲಿ ಕೌಂಟ್ ತೀರಾ ಕೆಳಗೆ ಇರುತ್ತದೆ. ಆಮೇಲೆ ನಿಧಾನವಾಗಿ ಏರುತ್ತದೆ. ಏರಿದ ಮೇಲೆ ಮುಂದಿನ ಡ್ರಿಪ್.

ಆ ವಾರದಲ್ಲಿ ಫ್ಲೂ ಬಂದರೆ ಏನಾಗುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ಊರಿನಲ್ಲಿ ಫ್ಲೂ ಅಂದರೆ ಯಾರೂ ಹೆದರುವುದಿಲ್ಲ. 'ವೈರಲ್ ಫೀವರ್, ಮೂರು ದಿನ ಇದ್ದು ಹೋಗುತ್ತೆ' ಅನ್ನುತ್ತಾರೆ. ಗಟ್ಟಿಮುಟ್ಟಾಗಿರುವವರಿಗೆ ಅದು ನಿಜವೂ ಹೌದು. ಕೀಮೋದಲ್ಲಿ ಇರುವವರಿಗೆ ವೈರಸ್ ಬೇಗ ಶ್ವಾಸಕೋಶಕ್ಕೆ ಇಳಿಯಬಹುದು. ವೈರಸ್ಸಿನಿಂದ ಹಣ್ಣಾದ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡು ನ್ಯುಮೋನಿಯಾ ಆಗಬಹುದು. ಅದನ್ನು ತಡೆಯಬೇಕಾದ ನ್ಯೂಟ್ರೋಫಿಲ್‌ಗಳು ಆಗ ಇರುವುದೇ ಇಲ್ಲ. ಮಿಕ್ಕವರ ಮೈಯಿಂದ ಒಂದು ವಾರದಲ್ಲಿ ಹೊರಟುಹೋಗುವ ವೈರಸ್ ಇವರ ಮೈಯಲ್ಲಿ ವಾರಗಟ್ಟಲೆ ಉಳಿಯಬಹುದು. ಪ್ರಾಣಕ್ಕೆ ತೊಂದರೆ ಆಗದೆ ಉಳಿದರೂ ಮುಂದಿನ ಕೀಮೋ ಮುಂದಕ್ಕೆ ಹೋಗುತ್ತದೆ. ಕೀಮೋ ತಪ್ಪಿದರೆ ಲಾಭ ಯಾರಿಗೆ? ಕ್ಯಾನ್ಸರ್‌ಗೆ.

ನಮ್ಮ ಮನೆಯಲ್ಲಿ ಆದದ್ದು ಇದೇ. ಜೂನ್‌ನಲ್ಲಿ ಶಾಲೆ ಶುರುವಾಯಿತು, ಮಳೆಯೂ ಹಿಡಿಯಿತು. ಅಣ್ಣನ ಮಗನಿಗೆ ಜ್ವರ, ಕೆಮ್ಮು ಬಂತು. ಎರಡು ದಿನ ಬಿಟ್ಟು ಅತ್ತಿಗೆಗೆ ಬಂತು. ಕೌಂಟ್ ಬಿದ್ದಿದ್ದ ವಾರವೇ ಬಂತು. ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದರಲ್ಲಿ ಸೇರಿಸಿದೆವು. ಆಕ್ಸಿಜನ್ ಕೊಡಬೇಕಾಯಿತು. ಅವರು ಉಳಿದುಕೊಂಡರು. ಹುಷಾರಾಗಿ ಬಂದ ಮೇಲೆ ಒಬ್ಬ ಡಾಕ್ಟರಮ್ಮ, 'ಇವರಿಗೆ ಫ್ಲೂ ವ್ಯಾಕ್ಸಿನ್ ಆಗಿತ್ತಾ? ನಿಮಗೆಲ್ಲ ಆಗಿತ್ತಾ?' ಅಂತ ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ದೊಡ್ಡವರಿಗೆ ಕೊಡುವ ಫ್ಲೂ ಲಸಿಕೆ ಅನ್ನುವುದು ಒಂದು ಇದೆ ಅಂತಲೇ ನಮಗೆ ಯಾರೂ ಹೇಳಿರಲಿಲ್ಲ. ಸ್ಕ್ಯಾನ್, ಬಯಾಪ್ಸಿ, ಎಕೋ, ಆಪರೇಷನ್, ಹೊಲಿಗೆ ಬಿಚ್ಚುವುದು ಅಂತ ಕೀಮೋಗೆ ಮುಂಚೆ ಎಷ್ಟೊಂದು ಸಲ ಆಸ್ಪತ್ರೆಗೆ ಹೋಗಿದ್ದೆವು. ಒಂದು ಸೂಜಿ ಚುಚ್ಚಲು ಐದು ನಿಮಿಷ ಸಾಕಾಗಿತ್ತು.

ಯಾರ ಮೇಲೂ ದೂರು ಹೇಳಲು ಇದನ್ನು ಬರೆದಿಲ್ಲ. ಆ ಓಪಿಡಿಗಳಲ್ಲಿ ಒಬ್ಬ ಡಾಕ್ಟರ್ ಎಷ್ಟು ಜನರನ್ನು ನೋಡುತ್ತಾರೆ ಅನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ನೆನಪಾದವರು ಹೇಳುತ್ತಾರೆ, ಆಗದವರು ಬಿಡುತ್ತಾರೆ. ಅದಕ್ಕೇ ಇದು ಡಾಕ್ಟರ ನೆನಪಿನ ಮೇಲೆ ನಿಲ್ಲಬಾರದು. ಕೀಮೋಗೆ ಮುಂಚೆ ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸುತ್ತಾರೆ, ಫೈಲಿನಲ್ಲಿ ಅದಕ್ಕೊಂದು ಜಾಗ ಇರುತ್ತದೆ. ಫ್ಲೂ ಲಸಿಕೆಗೂ ಅದೇ ಹಾಳೆಯಲ್ಲಿ ಒಂದು ಸಾಲು ಇರಲಿ. ಆ ಸಾಲು ತುಂಬದೆ ಫೈಲು ಮುಂದೆ ಹೋಗದಿರಲಿ.

ಈಗ ಲಸಿಕೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದನ್ನು ಓದುವ ರೋಗಿಗಳ ಮನೆಯವರಿಗೂ ಇದು ಬೇಕು.

ಫ್ಲೂ ವೈರಸ್ ವರ್ಷ ವರ್ಷ ಸ್ವಲ್ಪ ಸ್ವಲ್ಪ ವೇಷ ಬದಲಿಸುತ್ತದೆ. ಹಾಗಾಗಿ ಲಸಿಕೆಯೂ ಬದಲಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಭೂಮಿಯ ಉತ್ತರಾರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣಾರ್ಧಕ್ಕೆ, ಲಸಿಕೆಯಲ್ಲಿ ಯಾವ ಯಾವ ತಳಿ ಇರಬೇಕು ಎಂದು ಹೇಳುತ್ತದೆ. 2009ರಲ್ಲಿ ಜಗತ್ತಿಗೆಲ್ಲ ಹರಡಿದ ಎಚ್1ಎನ್1, 2023ರ ಮಾರ್ಚ್‌ನಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಒಬ್ಬ ಹಿರಿಯರ ಸಾವಿನೊಂದಿಗೆ ಸುದ್ದಿಯಾದ ಎಚ್3ಎನ್2, ಇವೆರಡರ ಜೊತೆಗೆ ಬಿ ಜಾತಿಯ ತಳಿಯೂ ಲಸಿಕೆಯಲ್ಲಿ ಇರುತ್ತದೆ. ಒಂದು ಸಲ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು ಅನ್ನುವಂತಿಲ್ಲ. ಪ್ರತಿ ವರ್ಷ ಬೇಕು.

ಸೂಜಿಯಲ್ಲಿ ಕೊಡುವ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ಅದರಿಂದ ಫ್ಲೂ ಬರಲು ಸಾಧ್ಯವಿಲ್ಲ. ತೋಳು ನೋಯಬಹುದು, ಒಂದು ದಿನ ಮೈ ಬಿಸಿಯಾಗಬಹುದು. ಮೂಗಿಗೆ ಸಿಂಪಡಿಸುವ ಬೇರೊಂದು ಲಸಿಕೆ ಇದೆ. ಅದರಲ್ಲಿ ಬಲ ಕುಂದಿಸಿದ ಜೀವಂತ ವೈರಸ್ ಇರುತ್ತದೆ. ಕೀಮೋದಲ್ಲಿ ಇರುವವರಿಗೆ ಅದು ಕೂಡದು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ 'ಕ್ಯಾನ್ಸರ್ ಇರೋರಿಗೆ ಲಸಿಕೆ ಹಾಕಿಸಬಾರದು' ಅನ್ನುವ ಮಾತು ಬೇರೂರಿದೆ. ನಮ್ಮ ಪಕ್ಕದ ಬೆಡ್ಡಿನ ಅಜ್ಜಿಯ ಮಗ ಇದನ್ನೇ ಗಟ್ಟಿಯಾಗಿ ನಂಬಿದ್ದ. ಸರ್ಕಾರದ ಕಡೆಯಿಂದ ಕನ್ನಡದಲ್ಲಿ ಒಂದು ಸರಿಯಾದ ಹಾಳೆ ಇದ್ದಿದ್ದರೆ ಅವನ ಕೈಗೆ ಕೊಡಬಹುದಿತ್ತು.

ಯಾವಾಗ ಹಾಕಿಸಬೇಕು? ಲಸಿಕೆ ಹಾಕಿದ ಮೇಲೆ ಮೈ ಅದಕ್ಕೆ ತಯಾರಾಗಲು ಎರಡು ವಾರ ಬೇಕು. ಹಾಗಾಗಿ ಕೀಮೋ ಶುರುವಾಗುವುದಕ್ಕೆ ಎರಡು ವಾರ ಮುಂಚೆ ಆದರೆ ಎಲ್ಲಕ್ಕಿಂತ ಒಳ್ಳೆಯದು. ಆಗಲೇ ಶುರುವಾಗಿದ್ದರೆ ಎರಡು ಡ್ರಿಪ್ ನಡುವೆ ಯಾವ ದಿನ ಒಳ್ಳೆಯದು ಅಂತ ನಿಮ್ಮ ಡಾಕ್ಟರ್ ಹೇಳುತ್ತಾರೆ. ಕೀಮೋ ಶುರುವಾಗಿದೆ ಅಂತ ಕೈಬಿಡಬೇಕಾಗಿಲ್ಲ. ರಕ್ತದ ಕ್ಯಾನ್ಸರ್ ಇರುವವರು, ರಿಟುಕ್ಸಿಮ್ಯಾಬ್‌ನಂಥ ಔಷಧಿ ತೆಗೆದುಕೊಳ್ಳುತ್ತಿರುವವರು, ಮಜ್ಜೆ ಕಸಿ ಆದವರು, ಇವರದ್ದು ಬೇರೆ ಲೆಕ್ಕ. ಅವರ ಮೈ ಎಷ್ಟೋ ತಿಂಗಳು ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಅವರ ದಿನವನ್ನು ಅವರ ಡಾಕ್ಟರೇ ಗೊತ್ತುಮಾಡಬೇಕು.

ಇಲ್ಲೇ ನನ್ನ ಮುಖ್ಯ ಮಾತು ಬರುತ್ತದೆ. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಲಸಿಕೆ ಕೆಲಸ ಮಾಡಬೇಕಾದರೆ ಮೈಯಲ್ಲಿ ಬಿಳಿ ಕಣಗಳು ಇರಬೇಕು. ಕೀಮೋದವರಲ್ಲಿ ಅವೇ ಕಡಿಮೆ. ಅಂದರೆ ಯಾರಿಗೆ ರಕ್ಷಣೆ ಎಲ್ಲರಿಗಿಂತ ಜಾಸ್ತಿ ಬೇಕೋ ಅವರಿಗೆ ಲಸಿಕೆಯಿಂದ ಸಿಗುವ ರಕ್ಷಣೆ ಕಡಿಮೆ. ಅವರು ಹಾಕಿಸಿಕೊಳ್ಳಲೇಬೇಕು, ಅದರಿಂದ ಕಾಯಿಲೆಯ ಜೋರು ಕಡಿಮೆಯಾಗುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಮಿಕ್ಕ ಅರ್ಧ ಸುತ್ತ ಇರುವವರ ತೋಳಿನಲ್ಲಿ ಆಗಬೇಕು. ಗಂಡ, ಮಕ್ಕಳು, ಅತ್ತೆ, ಅಡುಗೆ ಮಾಡಿ ಹಾಕುವ ತಂಗಿ, ಡ್ರಿಪ್ ಹಾಕುವ ನರ್ಸ್, ವಾರ್ಡ್ ಗುಡಿಸುವ ಅಮ್ಮ, ಸ್ಟ್ರೆಚರ್ ತಳ್ಳುವ ಅಣ್ಣ. ವೈರಸ್ ಅವರ ಹತ್ತಿರವೇ ನಿಂತರೆ ರೋಗಿಯ ತನಕ ಬರುವುದಿಲ್ಲ. ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನದಿಂದಲೇ ಫ್ಲೂ ಹರಡಲು ಶುರುವಾಗುತ್ತದೆ. ಹಾಗಾಗಿ 'ಜ್ವರ ಬಂದವರು ದೂರ ಇರಿ' ಅನ್ನುವ ಒಂದೇ ಸೂಚನೆ ಸಾಲದು. ಅಷ್ಟರಲ್ಲಿ ಕೊಟ್ಟಾಗಿರುತ್ತದೆ.

ಇಷ್ಟೆಲ್ಲ ಗೊತ್ತಾದ ಮೇಲೆ ನಾವು ಮನೆಯವರೆಲ್ಲ ಲಸಿಕೆ ಹಾಕಿಸಿಕೊಳ್ಳಲು ಹೊರಟೆವು. ಔಷಧಿ ಅಂಗಡಿಯಲ್ಲಿ ಒಂದು ಡೋಸಿಗೆ ಸಾವಿರದ ಐನೂರರಿಂದ ಎರಡು ಸಾವಿರದ ಆಸುಪಾಸು. ಐದು ಜನರ ಮನೆಗೆ ಎಷ್ಟಾಯಿತು ನೋಡಿ. ಕೂಲಿ ಬಿಟ್ಟು ಆಸ್ಪತ್ರೆ ಓಡಾಡುವ ಮನೆಯಲ್ಲಿ ಯಾರು ಕೊಡುತ್ತಾರೆ? ರೋಗಿಗೆ ಒಂದು ಹಾಕಿಸಿದರೆ ಅದೇ ದೊಡ್ಡದು. ಮಿಕ್ಕವರು 'ನಮಗೇನಾಗುತ್ತೆ ಬಿಡಿ' ಅನ್ನುತ್ತಾರೆ. ಸಣ್ಣ ಊರುಗಳಲ್ಲಿ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ವಸ್ತು. ಕೇಳುವವರು ಕಡಿಮೆ ಇದ್ದಾಗ ಅಂಗಡಿಯವರು ತರಿಸುವುದಿಲ್ಲ.

ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಿಂದ ನಡೆಯುತ್ತಿದೆ. ಪೋಲಿಯೋ ಓಡಿಸಿದ್ದು ಅದೇ. ಆದರೆ ಅದರಲ್ಲಿ ಫ್ಲೂ ಲಸಿಕೆ ಇಲ್ಲ. ದೇಶದ ಎಲ್ಲರಿಗೂ ಕೊಡಿ ಅಂತ ನಾನು ಕೇಳುತ್ತಿಲ್ಲ. ಕೀಮೋ, ರೇಡಿಯೇಷನ್ ತೆಗೆದುಕೊಳ್ಳುವವರ ಹೆಸರು, ಊರು, ಫೋನ್ ನಂಬರ್ ಎಲ್ಲ ಆಸ್ಪತ್ರೆಗಳ ಬಳಿಯೇ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಕೀಮೋ ಖರ್ಚಿನ ಜೊತೆಗೇ ಮನೆಯವರ ಲಸಿಕೆಯ ಖರ್ಚನ್ನೂ ಸೇರಿಸಿ. ಕೌಂಟ್ ಬಿದ್ದು ಜ್ವರ ಬಂದ ಒಬ್ಬ ರೋಗಿಯನ್ನು ಐಸಿಯುನಲ್ಲಿ ಒಂದು ವಾರ ಇಡುವ ಖರ್ಚಿನಲ್ಲಿ ಎಷ್ಟು ಮನೆಗಳಿಗೆ ಲಸಿಕೆ ಹಾಕಬಹುದು ಅಂತ ನಿಮ್ಮ ಲೆಕ್ಕಪತ್ರದವರೇ ಹಾಕಿ ನೋಡಲಿ.

2025ರಲ್ಲಿ ನೀವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳನ್ನು, ಅಂದರೆ ಬೆಳಗ್ಗೆ ಬಂದು ಡ್ರಿಪ್ ಹಾಕಿಸಿಕೊಂಡು ಸಂಜೆ ಮನೆಗೆ ಹೋಗುವ ಕೇಂದ್ರಗಳನ್ನು, ಶುರು ಮಾಡಿದಿರಿ. ಮೊದಲಿಗೆ 16 ಜಿಲ್ಲೆಗಳಲ್ಲಿ. ಕೇಂದ್ರ ಸರ್ಕಾರವೂ ಅದೇ ವರ್ಷದ ಬಜೆಟ್‌ನಲ್ಲಿ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥ ಕೇಂದ್ರಗಳನ್ನು ಮೂರು ವರ್ಷದಲ್ಲಿ ತೆರೆಯುವುದಾಗಿ ಹೇಳಿದೆ. ಮನಸಾರೆ ಸ್ವಾಗತ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು, ಸಂಜೆ ಮತ್ತೆ ಬಸ್ ಹತ್ತುವ ಕಷ್ಟ ಏನು ಅಂತ ನನಗೆ ಗೊತ್ತು. ಅತ್ತಿಗೆ ಕಿಟಕಿ ಪಕ್ಕ, ಮಾಸ್ಕ್ ಹಾಕಿಕೊಂಡು, ತಲೆಗೆ ಶಾಲು ಸುತ್ತಿಕೊಂಡು ಕೂರುತ್ತಾರೆ. ಮಳೆ ಬಂದರೆ ಬಸ್ಸಿನ ಗಾಜುಗಳನ್ನೆಲ್ಲ ಮುಚ್ಚುತ್ತಾರೆ. ಯಾರೋ ಹಿಂದೆ ಕೆಮ್ಮುತ್ತಲೇ ಇರುತ್ತಾರೆ. ಗಾಜು ಸ್ವಲ್ಪ ತೆಗೆಯಿರಿ ಅಂದರೆ 'ಮಳೆ ಕಾಣಲ್ವಾ?' ಅನ್ನುತ್ತಾರೆ. ಕೀಮೋ ಮನೆಯ ಹತ್ತಿರವೇ ಸಿಕ್ಕರೆ ಈ ಬಸ್ಸಿನ ಅಪಾಯವೇ ತಪ್ಪುತ್ತದೆ. ಸೋಂಕಿನಿಂದ ಕಾಪಾಡುವ ಕೆಲಸವೂ ಇದೇ ಅಂತ ನಾನು ಅಂದುಕೊಂಡಿದ್ದೇನೆ.

ಆದರೆ ಜಿಲ್ಲಾ ಆಸ್ಪತ್ರೆಯಲ್ಲಿ ಇನ್ನೊಂದು ತೊಂದರೆ ಇದೆ. ಕಿದ್ವಾಯಿಯಂಥ ಆಸ್ಪತ್ರೆ ಇರುವುದೇ ಕ್ಯಾನ್ಸರ್‌ಗೆ. ಅಲ್ಲಿ ಕೂತವರೆಲ್ಲ ಹೆಚ್ಚು ಕಡಿಮೆ ಒಂದೇ ಕಷ್ಟದವರು. ಜಿಲ್ಲಾ ಆಸ್ಪತ್ರೆಗೆ ಊರಿನ ಜ್ವರವೆಲ್ಲ ಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬೆಳಗ್ಗೆ ಹತ್ತು ಗಂಟೆಗೆ ಯಾವುದೇ ಜಿಲ್ಲಾ ಆಸ್ಪತ್ರೆಯ ಓಪಿಡಿ ಮುಂದೆ ಹೋಗಿ ನಿಂತು ನೋಡಿ. ಚೀಟಿ ಮಾಡಿಸುವ ಕಿಟಕಿ ಒಂದೇ. ರಕ್ತ ಕೊಡುವ ಜಾಗ ಒಂದೇ. ಔಷಧಿ ಕೊಡುವ ಕೌಂಟರ್ ಒಂದೇ. ಕೆಮ್ಮುವ ಮಗುವನ್ನು ಎತ್ತಿಕೊಂಡ ತಾಯಿಯ ಹಿಂದೆ ಕೀಮೋ ರೋಗಿ ನಿಲ್ಲಬೇಕು. ಆ ತಾಯಿಯದೂ ತಪ್ಪಲ್ಲ, ಆಕೆಗೂ ಬೇರೆ ದಾರಿ ಇಲ್ಲ. ಡೇ ಕೇರ್ ಕೋಣೆಯೊಳಗೆ ಎಷ್ಟೇ ಚೊಕ್ಕಟವಾಗಿರಲಿ, ಆ ಕೋಣೆ ತಲುಪುವ ದಾರಿಯಲ್ಲೇ ಸೋಂಕು ಸಿಕ್ಕರೆ ಏನು ಪ್ರಯೋಜನ?

ಇದಕ್ಕೆ ದೊಡ್ಡ ಕಟ್ಟಡ ಬೇಡ. ಕೀಮೋ ತೆಗೆದುಕೊಳ್ಳುವವರಿಗೆ ಬೇರೆ ಬಾಗಿಲು ಕೊಡಿ. ಚೀಟಿಯನ್ನು ಡೇ ಕೇರ್ ಕೋಣೆಯಲ್ಲೇ ಮಾಡಿ. ರಕ್ತವನ್ನು ಅಲ್ಲೇ ಬಂದು ತೆಗೆದುಕೊಂಡು ಹೋಗಿ. ರಿಪೋರ್ಟ್ ಫೋನಿಗೆ ಬಂದರೆ ಅದಕ್ಕಾಗಿ ಎರಡು ಗಂಟೆ ಗುಂಪಿನಲ್ಲಿ ಕಾಯುವುದು ತಪ್ಪುತ್ತದೆ. ಇಂತಿಷ್ಟು ಗಂಟೆಗೆ ಬನ್ನಿ ಅಂತ ಒಬ್ಬೊಬ್ಬರಿಗೆ ಒಂದೊಂದು ಸಮಯ ಕೊಡಿ. ಕಿಟಕಿ ತೆಗೆಯಲು ಬರುವ ಕೋಣೆ ಆರಿಸಿ. ಎಸಿ ಹಾಕಿ ಎಲ್ಲ ಮುಚ್ಚಿದ ಕೋಣೆಗಿಂತ ಗಾಳಿ ಆಡುವ ಕೋಣೆ ಇದಕ್ಕೆ ಒಳ್ಳೆಯದು. ಬಾಗಿಲಲ್ಲಿ ಎಲ್ಲರಿಗೂ ಒಂದು ಮಾಸ್ಕ್ ಇಡಿ, ಜೊತೆಗೆ ಬಂದವರಿಗೂ ಇಡಿ. ಕೋವಿಡ್ ಕಾಲದಲ್ಲಿ ಇದನ್ನೆಲ್ಲ ನಿಮ್ಮ ಇಲಾಖೆಯೇ ಮಾಡಿ ತೋರಿಸಿತ್ತು.

ಸಿಬ್ಬಂದಿಯ ವಿಷಯ ಒಂದು ಮಾತಿನಲ್ಲಿ ಮುಗಿಸುತ್ತೇನೆ. ಕ್ಯಾನ್ಸರ್ ವಾರ್ಡಿನಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ವರ್ಷ ವರ್ಷ ಲಸಿಕೆ ಹಾಕಿ, ಗುತ್ತಿಗೆಯವರನ್ನೂ ಸೇರಿಸಿ. ಜ್ವರ ಬಂದ ದಿನ ಗುತ್ತಿಗೆ ನೌಕರರ ಸಂಬಳ ಕಡಿಯಬೇಡಿ. ಸಂಬಳ ಹೋಗುತ್ತದೆ ಅಂತ ಪ್ಯಾರಾಸಿಟಮಾಲ್ ನುಂಗಿ ಕೆಲಸಕ್ಕೆ ಬರುವವರನ್ನು ನಾನು ಕಂಡಿದ್ದೇನೆ.

ಜ್ವರ ಬಂದಾಗ ಏನಾಗುತ್ತದೆ ಅನ್ನುವುದು ಇದಕ್ಕಿಂತ ದೊಡ್ಡ ವಿಷಯ. ಕೀಮೋ ರೋಗಿಗೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂತು ಅಂದರೆ ಅದು ತುರ್ತು. ರಾತ್ರಿ ಎರಡು ಗಂಟೆ ಆಗಿದ್ದರೂ ಆಸ್ಪತ್ರೆಗೆ ಹೋಗಬೇಕು. ಕೌಂಟ್ ಬಿದ್ದವರಲ್ಲಿ ಜ್ವರ ಬಿಟ್ಟು ಬೇರೆ ಯಾವ ಸುಳಿವೂ ಕಾಣದೆ ಇರಬಹುದು. ಕೀವು ಆಗಲೂ ಬಿಳಿ ಕಣ ಬೇಕಲ್ವಾ? ಹಾಗಾಗಿ ಡಾಕ್ಟರಿಗೆ ತಿಳಿಸುವ ಮೊದಲು ಪ್ಯಾರಾಸಿಟಮಾಲ್ ನುಂಗಿ ಜ್ವರ ಇಳಿಸಿಬಿಟ್ಟರೆ ಆ ಒಂದು ಸುಳಿವೂ ಅಳಿಸಿಹೋಗುತ್ತದೆ. ವಾಂತಿ ತಡೆಯಲು ಕೊಡುವ ಸ್ಟೀರಾಯ್ಡ್ ಮಾತ್ರೆಗಳೂ ಜ್ವರವನ್ನು ಮುಚ್ಚಿಡಬಹುದು. ಜ್ವರ ಇಲ್ಲದೆಯೂ ಮೈ ನಡುಗುವುದು, ಉಸಿರು ಕಟ್ಟುವುದು, ಮಂಕಾಗುವುದು ಕಂಡರೆ ಹೊರಡಬೇಕು. ಒಂದು ಥರ್ಮಾಮೀಟರ್ ಕೀಮೋ ಶುರುವಾದ ದಿನವೇ ಮನೆಯಲ್ಲಿ ಇರಬೇಕು. ಅದನ್ನೂ ಆಸ್ಪತ್ರೆಯಿಂದಲೇ ಕೊಟ್ಟುಬಿಡಿ. ಹಣೆ ಮುಟ್ಟಿ ನೋಡುವುದು ಇವರಿಗೆ ಸಾಲದು.

ಹಳ್ಳಿಯಿಂದ ಹೊರಟವರು ಮೊದಲು ಹೋಗುವುದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅಥವಾ ತಾಲ್ಲೂಕು ಆಸ್ಪತ್ರೆಗೆ. ಅಲ್ಲಿ ರಾತ್ರಿ ಡ್ಯೂಟಿಯಲ್ಲಿ ಇರುವವರಿಗೆ ಈ ರೋಗಿ ಕೀಮೋದಲ್ಲಿ ಇದ್ದಾರೆ ಅಂತ ಹೇಳಿದರೂ ಕೆಲವು ಸಲ ಅದರ ಅರ್ಥ ಮುಟ್ಟುವುದಿಲ್ಲ. ಒಂದು ಇಂಜೆಕ್ಷನ್ ಕೊಟ್ಟು, 'ಬೆಳಗ್ಗೆ ನೋಡೋಣ' ಅನ್ನುತ್ತಾರೆ. ನ್ಯೂಟ್ರೋಫಿಲ್ ಇಲ್ಲದವರಿಗೆ ಜ್ವರ ಬಂದರೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ರಕ್ತನಾಳಕ್ಕೆ ಹೋಗಬೇಕು ಅನ್ನುವುದು ಜಗತ್ತಿನ ಕ್ಯಾನ್ಸರ್ ಆಸ್ಪತ್ರೆಗಳು ಒಪ್ಪಿರುವ ಗುರಿ. ಅದರ ಜೊತೆಗೇ ಫ್ಲೂ ಅನುಮಾನ ಇದ್ದರೆ ಓಸೆಲ್ಟಾಮಿವಿರ್ ಅನ್ನುವ, ಫ್ಲೂ ವೈರಸ್ಸನ್ನು ತಡೆಯುವ ಮಾತ್ರೆ ಶುರು ಮಾಡಬೇಕು. ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಅದರ ಗುಣ ಜಾಸ್ತಿ. ತಡವಾದರೂ ಇಂಥವರಿಗೆ ಕೊಡುತ್ತಾರೆ.

ಇಲ್ಲಿ ನಾನು ಹೊಸ ನಿಯಮ ಏನೂ ಕೇಳುತ್ತಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಎಚ್1ಎನ್1 ಬಂದ ಕಾಲದಲ್ಲಿ ರೋಗಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಬಿ ವರ್ಗದ ಎರಡನೇ ಭಾಗದಲ್ಲಿ ಗರ್ಭಿಣಿಯರು, 65 ದಾಟಿದವರು, ಸಕ್ಕರೆ ಕಾಯಿಲೆಯವರ ಜೊತೆ ಕ್ಯಾನ್ಸರ್ ಇರುವವರ ಹೆಸರೂ ಇದೆ. ಅಂಥವರಿಗೆ ಫ್ಲೂ ಲಕ್ಷಣ ಕಂಡರೆ ಟೆಸ್ಟ್ ರಿಪೋರ್ಟ್‌ಗೆ ಕಾಯದೆ ಓಸೆಲ್ಟಾಮಿವಿರ್ ಕೊಡಿ ಅಂತ ಅದರಲ್ಲೇ ಇದೆ. ಆ ಹಾಳೆ ರಾತ್ರಿ ಡ್ಯೂಟಿಯ ಕೋಣೆಯ ಗೋಡೆಗೆ ಬರಬೇಕು. ಆ ಮಾತ್ರೆ ಪ್ರತಿ ತಾಲ್ಲೂಕು ಆಸ್ಪತ್ರೆಯ ಕಪಾಟಿನಲ್ಲಿ ವರ್ಷಪೂರ್ತಿ ಇರಬೇಕು. ಮನೆಯಲ್ಲಿ ಬೇರೆಯವರಿಗೆ ಫ್ಲೂ ಆಗಿದೆ ಅಂತ ಖಚಿತವಾದರೆ ರೋಗಿಗೆ ಮುಂಜಾಗ್ರತೆಯಾಗಿ ಇದೇ ಮಾತ್ರೆ ಕೊಡುವುದೂ ಉಂಟು. ಆ ನಿರ್ಧಾರ ಡಾಕ್ಟರದು. ಆದರೆ ಕೇಳಬಹುದು ಅನ್ನುವುದಾದರೂ ಮನೆಯವರಿಗೆ ಗೊತ್ತಿರಬೇಕು.

ಇದಕ್ಕಾಗಿ ಒಂದು ಕೆಂಪು ಕಾರ್ಡ್ ಮಾಡಿಸಿಕೊಡಿ. ಮುಂದೆ ಕನ್ನಡದಲ್ಲಿ: 'ನಾನು ಕೀಮೋ ತೆಗೆದುಕೊಳ್ಳುತ್ತಿದ್ದೇನೆ. ನನಗೆ ಜ್ವರ ಇದೆ. ನನ್ನನ್ನು ಸಾಲಿನಲ್ಲಿ ಕಾಯಿಸಬೇಡಿ.' ಹಿಂದೆ ಡಾಕ್ಟರಿಗೆ ಬೇಕಾದ ವಿವರ: ಯಾವ ಔಷಧಿ, ಕೊನೆಯ ಡ್ರಿಪ್ ಯಾವತ್ತು, ಯಾವ ಆಸ್ಪತ್ರೆಯ ಯಾವ ನಂಬರಿಗೆ ಫೋನ್ ಮಾಡಬೇಕು. ಅತ್ತಿಗೆಗೆ ಓದಲು ಬರುವುದಿಲ್ಲ. ಅವರು ಒಬ್ಬರೇ ಇದ್ದಾಗ ಜ್ವರ ಬಂದರೆ ಆ ಕಾರ್ಡ್ ತೋರಿಸಿದರೆ ಸಾಕಾಗಬೇಕು.

ಇನ್ನು ಇದನ್ನು ಓದುತ್ತಿರುವ ನೆಂಟರಿಷ್ಟರಲ್ಲಿ, ಊರಿನವರಲ್ಲಿ ಒಂದು ಮಾತು. ಕಾಯಿಲೆಯವರನ್ನು ನೋಡಿಕೊಂಡು ಹೋಗುವುದು ನಮ್ಮಲ್ಲಿ ಪ್ರೀತಿಯ ಗುರುತು. ಹಣ್ಣು, ಎಳನೀರು, ಹಾರ್ಲಿಕ್ಸ್ ಹಿಡಿದು ಬರುತ್ತೀರಿ. ಬಾರದಿದ್ದರೆ 'ಇಷ್ಟು ದೊಡ್ಡ ಕಾಯಿಲೆ ಬಂದಿದೆ, ಒಂದು ಸಲ ತಿರುಗಿ ನೋಡಲಿಲ್ಲ' ಅನ್ನುವ ಮಾತು ಬರುತ್ತದೆ ಅನ್ನುವ ಅಂಜಿಕೆಯೂ ನಿಮಗೆ ಇರುತ್ತದೆ. ನಿಮ್ಮ ಪ್ರೀತಿ ನಮಗೆ ಬೇಕೇ ಬೇಕು. ಆದರೆ ಡ್ರಿಪ್ ಹಾಕಿದ ಎರಡನೇ ವಾರ ಬರಬೇಡಿ, ಫೋನ್ ಮಾಡಿ. ಮನೆಯಲ್ಲಿ ಯಾರಿಗಾದರೂ ಮೂಗು ಸೋರುತ್ತಿದ್ದರೂ ಬರಬೇಡಿ. ಬಂದಾಗ ಕೈ ಸೋಪಿನಲ್ಲಿ ತೊಳೆದುಕೊಳ್ಳಿ, ಮಾಸ್ಕ್ ಹಾಕಿ, ಜಗುಲಿಯಲ್ಲೇ ಸ್ವಲ್ಪ ದೂರ ಕೂತು ಮಾತಾಡಿ. ರೋಗಿ ಮಾಸ್ಕ್ ಹಾಕಿಕೊಂಡರೆ, 'ನಮ್ಮನ್ನ ಕಂಡರೆ ಅಸಹ್ಯನಾ?' ಅನ್ನಬೇಡಿ. ಅತ್ತಿಗೆಗೆ ಒಬ್ಬರು ಹಾಗೆ ಅಂದಿದ್ದರು. ಅವರು ಹೋದ ಮೇಲೆ ಅತ್ತಿಗೆ ಅತ್ತರು.

ಶ್ರಾವಣ, ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ. ನಮ್ಮ ಹಬ್ಬಗಳೆಲ್ಲ ಸಾಲಾಗಿ ಬರುವ ತಿಂಗಳುಗಳಲ್ಲೇ ನಮ್ಮ ಕಡೆ ಫ್ಲೂ ಜೋರು. ಕುಂಕುಮಕ್ಕೆ ಕರೆಯುತ್ತೀರಿ, ಗಣಪತಿ ಪೆಂಡಾಲಿಗೆ ಕರೆಯುತ್ತೀರಿ. ಬರುವುದಿಲ್ಲ ಅಂದರೆ ಒತ್ತಾಯ ಮಾಡಬೇಡಿ. ಮುಂದಿನ ವರ್ಷ ಬರುತ್ತಾರೆ. ಪ್ರಸಾದ ಮನೆಗೆ ಕಳಿಸುವುದಾದರೆ ಬಿಸಿ ಮಾಡಿ ತಿನ್ನುವಂಥದ್ದನ್ನು ಕಳಿಸಿ. ಮತ್ತೆ ಕಷಾಯ, ಅಮೃತಬಳ್ಳಿ ರಸ, ಬೇರು, ಪುಡಿ ತಂದುಕೊಟ್ಟು ಶಕ್ತಿ ಬರುತ್ತೆ ಕುಡಿಯಿರಿ ಅನ್ನಬೇಡಿ. ನಿಮ್ಮ ಮನಸ್ಸು ಒಳ್ಳೆಯದು, ಆದರೆ ಕೀಮೋ ಔಷಧಿಗಳು ಲಿವರ್ ಮೇಲೆ ಆಗಲೇ ಭಾರ ಹಾಕಿರುತ್ತವೆ. ಡಾಕ್ಟರನ್ನು ಕೇಳದೆ ಏನನ್ನೂ ಕೊಡುವ ಹಾಗಿಲ್ಲ.

ಶಾಲೆಯ ಮೇಷ್ಟ್ರುಗಳಿಗೂ ಒಂದು ಕೋರಿಕೆ. ಮನೆಯಲ್ಲಿ ಕೀಮೋದವರು ಇರುವ ಮಗು ಯಾವುದು ಅಂತ ನಿಮಗೆ ಗೊತ್ತಿದ್ದರೆ, ತರಗತಿಯಲ್ಲಿ ಜ್ವರ ಹರಡುತ್ತಿರುವಾಗ ಆ ಮನೆಗೆ ಒಂದು ಫೋನ್ ಮಾಡಿ. ಹಾಜರಿ ಅಂತ ಜ್ವರ ಇರುವ ಮಕ್ಕಳನ್ನು ಕೂರಿಸಿಕೊಳ್ಳಬೇಡಿ. ನಮ್ಮ ಹುಡುಗ ಈಗ ಶಾಲೆಯಿಂದ ಬಂದ ತಕ್ಷಣ ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಅಮ್ಮನ ಹತ್ತಿರ ಹೋಗುತ್ತಾನೆ. ಯಾರೂ ಹೇಳಬೇಕಾಗಿಲ್ಲ. ತನ್ನಿಂದಲೇ ಅಮ್ಮನಿಗೆ ಜ್ವರ ಬಂತು ಅಂತ ಅವನು ಅಂದುಕೊಂಡಿದ್ದಾನೆ. ಎಂಟು ವರ್ಷದ ಮಗುವಿನ ತಲೆಯಲ್ಲಿ ಇಂಥ ಯೋಚನೆ ಬರಬಾರದಿತ್ತು. ಸಚಿವರೇ, ಆ ಮಗುವಿಗೂ ಲಸಿಕೆ ಸಿಕ್ಕಿದ್ದರೆ ಅನ್ನುವುದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ.

ಕೊನೆಯದಾಗಿ ಸಮಯದ ಮಾತು. ಕಾಶ್ಮೀರದಂಥ ಕಡೆ ಫ್ಲೂ ಚಳಿಗಾಲದಲ್ಲಿ ಜೋರು. ನಮ್ಮಲ್ಲಿ ಮಳೆಗಾಲದಲ್ಲಿ ಜೋರು, ಜನವರಿಯಿಂದ ಮಾರ್ಚ್ ತನಕ ಇನ್ನೊಂದು ಸಣ್ಣ ಸುತ್ತು. ಹಾಗಾಗಿ ಅಕ್ಟೋಬರಿನಲ್ಲಿ ಲಸಿಕೆ ತರಿಸಿದರೆ ನಮ್ಮ ದೊಡ್ಡ ಸುತ್ತು ಮುಗಿದು ಹೋಗಿರುತ್ತದೆ. ದಕ್ಷಿಣಾರ್ಧಕ್ಕೆಂದು ಸೆಪ್ಟೆಂಬರಿನಲ್ಲಿ ಗೊತ್ತಾಗುವ ಲಸಿಕೆಯನ್ನು ತರಿಸಿ, ಏಪ್ರಿಲ್, ಮೇ ತಿಂಗಳಲ್ಲಿ ಹಾಕಿ ಮುಗಿಸಬೇಕು. ಮುಂಗಾರು ಬರುವುದರೊಳಗೆ, ಶಾಲೆ ಶುರುವಾಗುವುದರೊಳಗೆ. ಆಮೇಲೆ ಹೊಸದಾಗಿ ಕೀಮೋ ಶುರುವಾಗುವವರಿಗೆ ವರ್ಷಪೂರ್ತಿ ಸಿಗುವಷ್ಟು ದಾಸ್ತಾನು ಪ್ರತಿ ಕೇಂದ್ರದಲ್ಲಿ ಉಳಿದಿರಬೇಕು. ಟೆಂಡರ್, ಮಂಜೂರಾತಿ, ಸಾಗಣೆ ಅಂತ ಇಲಾಖೆಯಲ್ಲಿ ತಿಂಗಳುಗಳು ಹಿಡಿಯುತ್ತವೆ ಅಂತ ನಮಗೂ ಗೊತ್ತು. ಅದಕ್ಕೇ ಬೇಡಿಕೆ ಪಟ್ಟಿ ಜನವರಿಯಲ್ಲೇ ಎಲ್ಲ ಡೇ ಕೇರ್ ಕೇಂದ್ರಗಳಿಂದ ಹೊರಡಬೇಕು. ರೋಗಿಗಳ ಸಂಖ್ಯೆಯ ಜೊತೆ ಅವರ ಮನೆಯಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದನ್ನೂ ಆ ಪಟ್ಟಿಯಲ್ಲಿ ಬರೆಸಿ.

ಇಂತಿ ನಿಮ್ಮ ವಿಶ್ವಾಸಿ,
ಕೀಮೋ ತೆಗೆದುಕೊಳ್ಳುತ್ತಿರುವವರೊಬ್ಬರ ನಾದಿನಿ
ದಾವಣಗೆರೆ ಜಿಲ್ಲೆ